ಹಳೆಯ ಯಂತ್ರದ ಮೋಟಾರನ್ನು ಸುತ್ತಿಸುವುದಕ್ಕೆ ಮುಂಚೆ

ಮಹಾಗಾಂವದಂತಹ ದೊಡ್ಡ ಗ್ರಾಮಗಳಲ್ಲಿ ಕುಂಟೆ, ಕೂರಿಗೆ, ಬಂಡಿಯ ಅಚ್ಚು, ಟ್ರ್ಯಾಕ್ಟರಿನ ನೇಗಿಲು ಮೊದಲಾದವುಗಳನ್ನು ದುರಸ್ತಿ ಮಾಡತಕ್ಕ ಕಮ್ಮಾರಸಾಲೆಯು ಒಕ್ಕಲುತನಕ್ಕೆ ಎತ್ತಿನಷ್ಟೇ ಅವಶ್ಯವಾದುದು. ಆ ಸಾಲೆಯ ಸಾಣೆಯಂತ್ರವಾಗಲಿ ಲೇಥಾಗಲಿ ಮೃಗಶಿರಾ ಮಳೆಯ ಸಮಯಕ್ಕೆ ನಿಂತುಹೋದರೆ, ತೊಗರಿಗೆ ಹದವಾದ ಕರಿಯ ಭೂಮಿಯು ಅದು ಸರಿಹೋಗುವ ತನಕ ಕಾದುಕೊಂಡಿರುವುದಿಲ್ಲ. ಆಗ ಯಜಮಾನರು ಅವಸರದಿಂದ ಮೋಟಾರನ್ನು ಬಿಚ್ಚಿಸಿ ಕಲಬುರಗಿಗೆ ಕಳುಹಿಸಿ ಹೊಸ ತಂತಿ ಸುತ್ತಿಸಿ ತರಿಸುತ್ತಾರೆ. ಅದು ತಿಂಗಳೊಳಗೆ ಪುನಃ ಸುಟ್ಟರೆ ಸುತ್ತಿದವನನ್ನು ನಿಂದಿಸುತ್ತಾರೆ. ಇದು ನ್ಯಾಯವಲ್ಲ. ಸುಡುವುದಕ್ಕೆ ಕಾರಣವಾದುದು ಸಾಲೆಯಲ್ಲಿಯೇ ಉಳಿದಿರುವಾಗ ಎಷ್ಟು ಸಲ ಸುತ್ತಿಸಿದರೇನು?

ಪರೀಕ್ಷೆಯು ಕಷ್ಟವಾದುದಲ್ಲ. ಮೊದಲು ಸ್ವಿಚ್ಚನ್ನು ತೆಗೆದು, ಫ್ಯೂಸುಗಳನ್ನು ಕಳಚಿ, ಅವುಗಳನ್ನು ಕೆಲಸಗಾರನು ತನ್ನ ಜೇಬಿನಲ್ಲಿಯೇ ಇರಿಸಿಕೊಳ್ಳತಕ್ಕದ್ದು. ಅನಂತರ ಬೆಲ್ಟನ್ನು ಇಳಿಸಿ ಮೋಟಾರಿನ ಗಾಲಿಯನ್ನು ಕೈಯಿಂದ ತಿರುಗಿಸಿ ನೋಡಬೇಕು. ಅದು ಬಿಗಿಯಾಗಿದ್ದರೆ ದೋಷವು ಬೇರಿಂಗಿನದು. ಸರಾಗವಾಗಿದ್ದು ಯಂತ್ರವೇ ಬಿಗಿಯಾಗಿದ್ದರೆ ಮೋಟಾರನ್ನು ಮುಟ್ಟುವ ಅಗತ್ಯವೇ ಇಲ್ಲ. (ಗ್ರೀಸನ್ನು ಅತಿಯಾಗಿ ತುಂಬಿದರೂ ಬೇರಿಂಗು ಕಾಯುತ್ತದೆಂಬುದನ್ನು ಬಹು ಜನರು ನಂಬುವುದಿಲ್ಲ.)

ಎರಡೂ ಸರಾಗವಾಗಿದ್ದು, ಸ್ವಿಚ್ಚು ಹಾಕಿದಾಗ ಮೋಟಾರು ಗುಂಯ್‌ಗುಟ್ಟುತ್ತ ತಿರುಗದೆ ನಿಂತರೆ, ಮೂರು ಫೇಸುಗಳಲ್ಲಿ ಒಂದು ಬಾರದಿದೆಯೆಂದು ತಿಳಿಯತಕ್ಕದ್ದು. ತಕ್ಷಣವೇ ನಿಲ್ಲಿಸಬೇಕು, ಕೆಲವು ನಿಮಿಷಗಳೊಳಗೆ ತಂತಿಯು ಸುಟ್ಟುಹೋಗುವುದು. ಇದಕ್ಕಿಂತಲೂ ಮೋಸದ ಸಂಗತಿಯೆಂದರೆ, ತಿರುಗುತ್ತಿರುವಾಗಲೇ ಒಂದು ಫೇಸು ತಪ್ಪಿದರೆ ಮೋಟಾರು ನಿಲ್ಲದೆ ತಿರುಗುತ್ತಲೇ ಇದ್ದು, ಉಳಿದೆರಡು ತಂತಿಗಳಿಂದ ಸುಮಾರು 1.7 ಪಾಲು ಹೆಚ್ಚಿನ ವಿದ್ಯುತ್ತನ್ನು ಎಳೆಯುತ್ತದೆ. ಸ್ಟಾರ್ಟರಿನ ಸವೆದ ಸಂಪರ್ಕ, ಸಡಿಲವಾದ ತಿರುಪು, ತುಕ್ಕು ಹಿಡಿದ ಜೋಡಣೆ ಇವೇ ಸಾಮಾನ್ಯ ಕಾರಣಗಳು.

ವೋಲ್ಟೇಜಿನ ಕೊರತೆಯೂ ಅಷ್ಟೇ ಕೆಟ್ಟದ್ದು. 415 ವೋಲ್ಟಿರಬೇಕಾದಲ್ಲಿ 332 ಮಾತ್ರ ಬಂದರೆ ಮೋಟಾರಿನ ತಿರುಗಿಸುವ ಬಲವು ನೂರಕ್ಕೆ 64ಕ್ಕೆ ಇಳಿಯುತ್ತದೆ. ಅಂತಹ ಹೊತ್ತಿನಲ್ಲಿ ದಪ್ಪ ಕಬ್ಬಿಣವನ್ನು ಸಾಣೆಗೆ ಒತ್ತುವುದು ಮೋಟಾರನ್ನು ಬೆಂಕಿಗೆ ಒಡ್ಡಿದಂತೆಯೇ ಸರಿ.

ಸುಟ್ಟ ಸುತ್ತನ್ನು ಕಿತ್ತೆಸೆಯುವುದಕ್ಕೆ ಮುಂಚೆ ಯಜಮಾನರು ಅದನ್ನು ಕಣ್ಣಾರೆ ನೋಡತಕ್ಕದ್ದು. ಒಂದು ಅಥವಾ ಎರಡು ಫೇಸುಗಳ ಸುತ್ತು ಮಾತ್ರ ಕಪ್ಪಾಗಿ, ಉಳಿದುದು ಹೊಸದರಂತಿದ್ದರೆ ಫೇಸು ತಪ್ಪಿದ್ದೆಂದು ಊಹಿಸಬಹುದು. ಎಲ್ಲವೂ ಒಂದೇ ಸಮನಾಗಿ ಕರಿದಾಗಿದ್ದರೆ ಅಧಿಕ ಭಾರ, ವೋಲ್ಟೇಜಿನ ಕೊರತೆ, ಇಲ್ಲವೆ ಗಾಳಿಯ ಹಾದಿಯಲ್ಲಿ ತುಂಬಿದ ಧೂಳು ಕಾರಣವಾಗಿರುವುದು. ತಂತಿಯ ದಪ್ಪವನ್ನೂ ಸುತ್ತುಗಳ ಎಣಿಕೆಯನ್ನೂ ಬರೆದಿಡಿಸಿ ಅದರಂತೆಯೇ ಪುನಃ ಸುತ್ತಿಸಬೇಕು. ಹಳೆಯ ಸುತ್ತನ್ನು ಬಿಡಿಸಲು ಬೆಂಕಿಯಲ್ಲಿ ಕಾಯಿಸುವವರುಂಟು. ಅತಿಯಾದ ಕಾವಿಗೆ ಒಳಗಿನ ಉಕ್ಕಿನ ಹಾಳೆಗಳು ಕೆಟ್ಟು, ಮುಂದೆ ಮೋಟಾರು ಸದಾ ಬಿಸಿಯಾಗುವುದು. ಹಾಳೆಗಳು ಕೆಡದಿದ್ದರೆ ಹಳೆಯ ಎರಕದ ಮೋಟಾರನ್ನು ಗುಜರಿಗೆ ಹಾಕುವುದು ನಷ್ಟದ ಕೆಲಸ.

ಫ್ಯೂಸಿನ ವಿಷಯದಲ್ಲಿ ಮಾತ್ರ ಸ್ವಲ್ಪವೂ ದಾಕ್ಷಿಣ್ಯ ಕೂಡದು. ಫ್ಯೂಸು ಪದೇ ಪದೇ ಹೋಗುತ್ತದೆಂದು ದಪ್ಪ ತಂತಿಯನ್ನು ಕಟ್ಟುವುದು ಅನೇಕ ಸಾಲೆಗಳಲ್ಲಿ ಜಾಣತನವೆನಿಸಿಕೊಂಡಿದೆ. 5 ಅಶ್ವಶಕ್ತಿಯ ಮೋಟಾರಿಗೆ ಪೂರ್ಣ ಭಾರದಲ್ಲಿ ಬೇಕಾಗುವುದು ಸುಮಾರು 7ರಿಂದ 8 ಆಂಪಿಯರು. ಸ್ಟಾರ್ಟರಿನ ರಿಲೇಯನ್ನು ಮೋಟಾರಿನ ಫಲಕದಲ್ಲಿ ಬರೆದಿರುವ ಅಂಕಿಗೇ ಇಡತಕ್ಕದ್ದು. ಮೋಟಾರಿನ ಮೈಗೆ ಎರಡು ಪ್ರತ್ಯೇಕ ಭೂಸಂಪರ್ಕಗಳಿರಬೇಕೆಂದು 1956ರ ವಿದ್ಯುತ್ ನಿಯಮಗಳೇ ವಿಧಿಸಿದ್ದವು. ಮಳೆಗಾಲದ ಒದ್ದೆ ನೆಲದ ಮೇಲೆ ಬರಿಗಾಲಿನಲ್ಲಿ ನಿಲ್ಲುವ ಕಮ್ಮಾರನ ಪ್ರಾಣವು ಆ ಎರಡು ತಂತಿಗಳ ಮೇಲಿದೆ. ಸಾಲೆಯ ಕಟ್ಟಡವು ಯಾರ ಒಡೆತನದಲ್ಲಿದೆಯೋ ಆ ಜಮೀನುದಾರರು, ಬಾಡಿಗೆಯವನು ನೋಡಿಕೊಳ್ಳಲೆಂದು ಬಿಡದೆ, ಮುಂಗಾರಿಗೆ ಮುಂಚೆ ಇವನ್ನು ಅನುಮತಿಪತ್ರವುಳ್ಳ ವಿದ್ಯುತ್ ಕೆಲಸಗಾರನಿಂದ ಅಳೆಯಿಸಿ, ಸಡಿಲವಾದುದನ್ನು ತಮ್ಮ ಖರ್ಚಿನಿಂದಲೇ ಸರಿಪಡಿಸಿಕೊಡತಕ್ಕದ್ದು.