ಕಿಟಕಿ ದೊಡ್ಡದು, ತೆರೆಯುವುದೆಷ್ಟು?

ಮನೆ ಕಟ್ಟಿಸುವವರು ಕಿಟಕಿಯ ಅಳತೆ ಕೇಳುತ್ತಾರೆ, ಗಾಜಿನ ಬಣ್ಣ ಕೇಳುತ್ತಾರೆ. ಅದು ಎಷ್ಟು ತೆರೆಯುತ್ತದೆ ಎಂದು ಕೇಳುವವರು ಕಡಿಮೆ. ಲೆಕ್ಕ ಬಹಳ ಸುಲಭ. 4 ಅಡಿ ಅಗಲ, 4 ಅಡಿ ಎತ್ತರದ ಕಿಟಕಿ ಎಂದಿಟ್ಟುಕೊಳ್ಳಿ. ವಿಸ್ತೀರ್ಣ 16 ಚದರ ಅಡಿ. ಕೀಲಿನ ಮೇಲೆ ತಿರುಗುವ ಎರಡು ಕದಗಳಿದ್ದರೆ, ಚೌಕಟ್ಟು ಕಳೆದು ಹೆಚ್ಚುಕಡಿಮೆ ಅಷ್ಟೂ ತೆರೆಯುತ್ತದೆ. ಎರಡು ಗಾಜಿನ ಸ್ಲೈಡಿಂಗ್ ಕಿಟಕಿಯಲ್ಲಿ ಒಂದು ಗಾಜು ಇನ್ನೊಂದರ ಹಿಂದೆ ನಿಲ್ಲಲೇಬೇಕು. ಎಷ್ಟು ತಳ್ಳಿದರೂ 8 ಚದರ ಅಡಿ ದಾಟದು. ಅದರ ಮೇಲೆ ಸೊಳ್ಳೆ ಜಾಲರಿ ಎಳೆದರೆ ಗಾಳಿ ಇನ್ನೂ ಕಡಿಮೆ.

ಕದದ ಕಿಟಕಿಗೆ ಇನ್ನೊಂದು ಗುಣವಿದೆ. ಗಾಳಿ ಗೋಡೆಯ ಉದ್ದಕ್ಕೂ ಬೀಸುವಾಗ, ಹೊರಕ್ಕೆ ತೆರೆದು ನಿಂತ ಕದ ಅದನ್ನು ತಡೆದು ಕೋಣೆಯೊಳಕ್ಕೆ ತಿರುಗಿಸುತ್ತದೆ. ಹಾಯಿಯ ಕೆಲಸವೇ ಎನ್ನಿ. ಆದರೆ ಓಣಿಗೆ ಅಂಟಿಕೊಂಡ ಮನೆಯಲ್ಲಿ ಅದೇ ಕದದ ಮೂಲೆ ಓಡಾಡುವವರ ಹಣೆಗೆ ಬಡಿಯುತ್ತದೆ. ಅಲ್ಲಿ ಸ್ಲೈಡಿಂಗೇ ಸರಿ. ಮೇಲ್ಗಡೆ ಕೀಲಿದ್ದು ಕೆಳಗಿನಿಂದ ಹೊರಕ್ಕೆ ತೆರೆಯುವ ಕಿಟಕಿ ಮಲೆನಾಡಿನವರಿಗೆ ಒಳ್ಳೆಯದು. ಗಾಜೇ ಸೂರಿನಂತೆ ನಿಲ್ಲುವುದರಿಂದ ನೇರವಾಗಿ ಬೀಳುವ ಮಳೆಯಲ್ಲಿ ಮುಚ್ಚಬೇಕಾಗಿಲ್ಲ.

ತಂದೆ ತಾಯಿಗಳಿಗೆ ಒಂದು ಮಾತು. ಪರೀಕ್ಷೆ ಹತ್ತಿರ ಬಂತೆಂದರೆ ಗದ್ದಲ ಬೇಡವೆಂದು ಮಗುವನ್ನು ಕೋಣೆಗೆ ಕೂಡಿಸಿ ಬಾಗಿಲು, ಕಿಟಕಿ ಎರಡನ್ನೂ ಹಾಕಿಬಿಡುತ್ತೀರಿ. ಹೊರಗಿನ ಗಾಳಿಯಲ್ಲಿ ಇಂಗಾಲದ ಡೈಆಕ್ಸೈಡ್ ಸುಮಾರು 0.04 ಶೇಕಡಾ, ನಾವು ಬಿಡುವ ಉಸಿರಿನಲ್ಲಿ ಸುಮಾರು 4 ಶೇಕಡಾ, ಅಂದರೆ ನೂರು ಪಟ್ಟು. ಮುಚ್ಚಿದ ಚಿಕ್ಕ ಕೋಣೆಯಲ್ಲಿ ಇದು ಏರುತ್ತಾ ಹೋಗುತ್ತದೆ, ಸೆಕೆಯೂ ಸೇರುತ್ತದೆ. ಹುಡುಗ ತೂಕಡಿಸಿದರೆ ಸೋಮಾರಿ ಎಂದು ಬೈಯುವ ಮೊದಲು ಕಿಟಕಿಯತ್ತ ನೋಡಿ.

ಕಿಟಕಿ ಪೂರ್ತಿ ತೆರೆದರೂ ಸಾಲದು; ಬಂದ ಗಾಳಿ ಹೊರಹೋಗಲು ಎದುರಿಗೆ ದಾರಿ ಬೇಕು. ವಿದ್ಯಾರ್ಥಿಗಳೇ, ಹೊರಗೆ ಸ್ವಲ್ಪ ಗಾಳಿಯಾಡುತ್ತಿರುವ ದಿನ ಒಂದು ಊದುಬತ್ತಿ ಹಚ್ಚಿ, ಪರದೆಯಿಂದ ದೂರ ಕಿಟಕಿಯ ಬಳಿ ಹಿಡಿಯಿರಿ. ಬಾಗಿಲು ಹಾಕಿದ್ದಾಗ ಹೊಗೆ ಅಲ್ಲೇ ಸುತ್ತುತ್ತದೆ. ತಮ್ಮನಿಗೆ ಬಾಗಿಲು ತೆಗೆಯಲು ಹೇಳಿ. ಹೊಗೆ ಯಾವ ಕಡೆ ಹೊರಳಿತು ನೋಡಿ. ಬಾಗಿಲು ತೆರೆಯುವ ಹಾಗಿಲ್ಲವಾದರೆ, ಹಳೆಯ ಮನೆಗಳಲ್ಲಿ ಸೂರಿನ ಕೆಳಗಿರುವ ಗವಾಕ್ಷಿಗೆ ಅಂಟಿಸಿದ ರಟ್ಟನ್ನು ಮೊದಲು ತೆಗೆಯಿರಿ. ಬಿಸಿಗಾಳಿ ಮೇಲಕ್ಕೇರಿ ಅಲ್ಲಿಂದಲೇ ಹೊರಬೀಳುತ್ತದೆ.