ಅತಿಸಂಗ್ರಹ ಮತ್ತು ಹರಾಜಿನ ಮಾತು

ಹಳೆಯ ಪುಸ್ತಕಕ್ಕೆ ಬೆಲೆ ಬಂದಿದೆ ಎಂಬ ಮಾತು ಈಗ ಬಸವಕಲ್ಯಾಣ ಮತ್ತು ಹುಮನಾಬಾದಗಳ ವ್ಯಾಪಾರಿ ಮನೆತನಗಳಲ್ಲಿಯೂ ಕೇಳಿಬರುತ್ತಿದೆ. ತೊಗರಿ, ಸೋಯಾಗಳ ಧಾರಣೆಯನ್ನು ಚರ್ಚಿಸುತ್ತಿದ್ದ ಜಗುಲಿಗಳಲ್ಲಿ ಮಕ್ಕಳ ಚಿತ್ರಕಥೆಗಳ ಧಾರಣೆಯೂ ಚರ್ಚೆಗೆ ಬಂದಿದೆ. ಅದಕ್ಕೆ ಕಾರಣವೂ ಉಂಟು. ಅಮೆರಿಕದಲ್ಲಿ 1938ರಲ್ಲಿ 10 ಸೆಂಟುಗಳಿಗೆ ಮಾರಾಟವಾದ ‘ಆ್ಯಕ್ಷನ್ ಕಾಮಿಕ್ಸ್’ ಪತ್ರಿಕೆಯ ಮೊದಲ ಸಂಚಿಕೆಯ ಒಂದು ಪ್ರತಿ 2024ರ ಏಪ್ರಿಲ್ ತಿಂಗಳ ಹರಾಜಿನಲ್ಲಿ 60 ಲಕ್ಷ ಡಾಲರಿಗೆ ಹೋಯಿತು. 1939ರ ‘ಸೂಪರ್‌ಮ್ಯಾನ್’ ಮೊದಲ ಸಂಚಿಕೆಯ ಒಂದು ಪ್ರತಿ, ತೀರಿಕೊಂಡ ತಾಯಿಯ ಮನೆಯ ಅಟ್ಟದಲ್ಲಿ ಮಕ್ಕಳಿಗೆ ದೊರೆತು, 2025ರ ನವೆಂಬರಿನಲ್ಲಿ 91 ಲಕ್ಷ 20 ಸಾವಿರ ಡಾಲರುಗಳನ್ನು ತಂದಿತು. ಈ ಸುದ್ದಿಯನ್ನು ಓದಿದವರಲ್ಲಿ ತಮ್ಮ ಅಟ್ಟವನ್ನು ಒಮ್ಮೆ ನೆನೆಯದವರು ವಿರಳ.

ಕರ್ನಾಟಕಕ್ಕೆ ಈ ವಿಷಯ ಪರಕೀಯವೇನಲ್ಲ. ಇಡೀ ದೇಶದ ಮಕ್ಕಳು ಓದಿದ ‘ಅಮರ ಚಿತ್ರ ಕಥೆ’ಯ ಮೂಲವೇ ಕನ್ನಡದಲ್ಲಿದೆ. 1965ರಲ್ಲಿ ಬೆಂಗಳೂರಿನ ಪುಸ್ತಕ ಮಾರಾಟಗಾರ ಜಿ.ಕೆ. ಅನಂತರಾಮ್ ಅವರ ಸಲಹೆಯ ಮೇರೆಗೆ ಇಂಡಿಯಾ ಬುಕ್ ಹೌಸ್ ಸಂಸ್ಥೆ ಮೊದಲ ಹತ್ತು ಪುಸ್ತಕಗಳನ್ನು ಕನ್ನಡದಲ್ಲಿಯೇ ಹೊರತಂದಿತು. ಇಂಗ್ಲಿಷ್ ಮಾಲಿಕೆ 11ನೆಯ ಸಂಖ್ಯೆಯಿಂದ ಆರಂಭವಾದುದಕ್ಕೆ ಇದೇ ಕಾರಣ. ಅದರ ಸಂಪಾದಕರಾಗಿ ‘ಅಂಕಲ್ ಪೈ’ ಎಂದೇ ಪ್ರಸಿದ್ಧರಾದ ಅನಂತ ಪೈ ಅವರು ಬಾಹುಬಲಿಯ ಏಕಶಿಲಾ ಮೂರ್ತಿ ನಿಂತಿರುವ ಕಾರ್ಕಳದಲ್ಲಿ 1929ರಲ್ಲಿ ಜನಿಸಿದವರು. ಆ ಮಾಲಿಕೆಯಲ್ಲಿ ಮಹಾವೀರ ಸ್ವಾಮಿಯ ಚರಿತ್ರೆಯೂ ಪ್ರಕಟವಾಯಿತು. ಪಾಠಶಾಲೆಯ ಮುಖ ಕಾಣದ ಎಷ್ಟೋ ಜೈನ ಮಕ್ಕಳಿಗೆ ತೀರ್ಥಂಕರರ ಪರಿಚಯ ಮಾಡಿಕೊಟ್ಟದ್ದು ಅಂತಹ ಪುಸ್ತಕಗಳೇ. ಆದ್ದರಿಂದ ಚಿತ್ರಕಥೆಯನ್ನು ಮಕ್ಕಳಾಟವೆಂದು ತಳ್ಳಿಹಾಕುವುದು ಸಲ್ಲದು. ಇಲ್ಲಿ ಆಕ್ಷೇಪವಿರುವುದು ಚಿತ್ರಕಥೆಯ ಬಗ್ಗೆ ಅಲ್ಲ; ಅದರ ಹರಾಜಿನ ಸುತ್ತ ಬೆಳೆದಿರುವ ಮಾತಿನ ಬಗ್ಗೆ.

ಆ ಮಾತಿನ ಸ್ವರೂಪವನ್ನು ಗಮನಿಸಬೇಕು. ಸಂಗ್ರಾಹಕರು ನಾಲ್ವರು ಕಲೆತಲ್ಲಿ ಕೇಳುವ ಪ್ರಶ್ನೆಗಳು ಮೂರು. ಇಂತಹ ಪ್ರತಿಗಳು ಇನ್ನೆಷ್ಟು ಉಳಿದಿವೆ? ಇದರ ಅಂಚು, ಬೆನ್ನು, ಬಣ್ಣ ಎಷ್ಟು ಕೆಡದೆ ಇವೆ? ಈಗ ಮಾರಬೇಕೆ, ಇನ್ನೂ ಕಾಯಬೇಕೆ? ಪುಸ್ತಕದೊಳಗೆ ಏನಿದೆ ಎಂಬ ನಾಲ್ಕನೆಯ ಪ್ರಶ್ನೆ ಅಲ್ಲಿ ಏಳುವುದೇ ಅಪರೂಪ. ಏಳುವಂತೆಯೂ ಇಲ್ಲ. ಅಮೆರಿಕದಲ್ಲಿ 2000ದ ಇಸವಿಯಿಂದೀಚೆಗೆ ಇಂತಹ ಪುಸ್ತಕಗಳನ್ನು ಪರೀಕ್ಷಿಸಿ, 10 ಅಂಕಗಳ ಶ್ರೇಣಿಯಲ್ಲಿ ಗುಣಮಟ್ಟವನ್ನು ಗೊತ್ತುಮಾಡಿ, ಗಟ್ಟಿಯಾದ ಪಾರದರ್ಶಕ ಪ್ಲಾಸ್ಟಿಕ್ ಕವಚದಲ್ಲಿ ಮುದ್ರೆಯೊತ್ತಿ ಮುಚ್ಚುವ ಪದ್ಧತಿ ನೆಲೆಗೊಂಡಿದೆ. ಕವಚ ಒಡೆದರೆ ಆ ಅಂಕದ ಪ್ರಮಾಣ ಹೋಯಿತು. ಅಂದರೆ ಓದಿದರೆ ನಷ್ಟ, ಓದದಿದ್ದರೆ ಲಾಭ! ಪುಸ್ತಕವೆಂಬ ವಸ್ತುವಿಗೆ ಇದಕ್ಕಿಂತ ದೊಡ್ಡ ಅವಮಾನ ಬೇರೊಂದಿಲ್ಲ.

ವ್ಯಾಪಾರಿಯ ಲೆಕ್ಕದಿಂದಲೇ ಇದನ್ನು ಪರಿಶೀಲಿಸಬಹುದು. 10 ಸೆಂಟು 60 ಲಕ್ಷ ಡಾಲರ್ ಆಯಿತೆಂದರೆ 6 ಕೋಟಿ ಪಟ್ಟು ಏರಿತು ಎಂದರ್ಥ. ಕೇಳಿದವರಿಗೆ ತಲೆ ತಿರುಗುತ್ತದೆ. ಆದರೆ 86 ವರ್ಷಗಳಿಗೆ ಹಂಚಿದರೆ ಇದು ವರ್ಷಕ್ಕೆ ನೂರಕ್ಕೆ ಸುಮಾರು 23ರ ಚಕ್ರಬಡ್ಡಿ. ಈ ಬಡ್ಡಿ ಯಾರಿಗೆ ದೊರೆಯಿತು? ಆ ಸಂಚಿಕೆಯ ಸುಮಾರು 2 ಲಕ್ಷ ಪ್ರತಿಗಳು ಅಚ್ಚಾಗಿದ್ದವೆಂದೂ ಇಂದು ಉಳಿದಿರುವುದು ಸುಮಾರು 100 ಮಾತ್ರವೆಂದೂ ಅಂದಾಜು. ಮಿಕ್ಕವನ್ನೆಲ್ಲ ಮಕ್ಕಳು ಓದಿ ಹರಿದರು, ತಾಯಂದಿರು ರದ್ದಿಗೆ ಹಾಕಿದರು, ಮಳೆ ಬೆಂಕಿಗಳು ತಿಂದವು. ಎರಡು ಲಕ್ಷ ಪ್ರತಿಗಳೂ ಉಳಿದಿದ್ದರೆ ಒಂದಕ್ಕೂ ಈ ಬೆಲೆ ಬರುತ್ತಿರಲಿಲ್ಲ. ಹಾಗಾದರೆ ಆ 60 ಲಕ್ಷದಲ್ಲಿ ಪುಸ್ತಕದ ಬೆಲೆ ಎಷ್ಟು, ಇತರರ ಪುಸ್ತಕ ನಾಶವಾದುದರ ಬೆಲೆ ಎಷ್ಟು? ಹೊಲದಲ್ಲಿ ಬೆಳೆದ ತೊಗರಿಗೆ ಬೆಲೆ ಬರುವುದು ಅದು ಹಸಿವನ್ನು ನೀಗಿಸುವುದರಿಂದ. ಈ ಪುಸ್ತಕಕ್ಕೆ ಬೆಲೆ ಬರುವುದು ಉಳಿದವರ ಬಳಿ ಅದು ಇಲ್ಲದಿರುವುದರಿಂದ.

ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಪರಿಗ್ರಹಪರಿಮಾಣ ವ್ರತಕ್ಕೆ ಐದು ಅತಿಚಾರಗಳನ್ನು ಹೇಳಿದ್ದಾರೆ: ಅತಿವಾಹನ, ಅತಿಸಂಗ್ರಹ, ಅತಿವಿಸ್ಮಯ, ಅತಿಲೋಭ, ಅತಿಭಾರವಹನ. ಇವುಗಳಲ್ಲಿ ಮೊದಲನೆಯದೂ ಕೊನೆಯದೂ ಎತ್ತು ಮೊದಲಾದ ಪ್ರಾಣಿಗಳನ್ನು ಮಿತಿಮೀರಿ ದುಡಿಸುವುದಕ್ಕೆ ಸಂಬಂಧಿಸಿದವು. ನಡುವಿನ ಮೂರು ಅಂಗಡಿಯವನ ಮನಸ್ಸನ್ನೇ ಕನ್ನಡಿಯಲ್ಲಿ ಹಿಡಿದಂತಿವೆ. ಮುಂದೆ ವಿಶೇಷ ಲಾಭ ಬಂದೀತೆಂದು ಕೂಡಿಡುವುದು ಅತಿಸಂಗ್ರಹ. ತಾನು ಮಾರಿದ ಮೇಲೆ ಇನ್ನೊಬ್ಬನಿಗೆ ಹೆಚ್ಚು ಬಂದುದನ್ನು ಕೇಳಿ ಕಳವಳಪಡುವುದು ಅತಿವಿಸ್ಮಯ. ಲಾಭ ಬಂದ ಮೇಲೂ ಇನ್ನಷ್ಟಕ್ಕೆ ಹಾತೊರೆಯುವುದು ಅತಿಲೋಭ. ಸಂಗ್ರಾಹಕರ ಮಾತುಕತೆಯನ್ನು ಈ ಮೂರು ಪದಗಳ ಪಕ್ಕದಲ್ಲಿಟ್ಟು ನೋಡಿದರೆ, ಅದರಲ್ಲಿ ಈ ಮೂರರಿಂದ ಹೊರಗುಳಿಯುವುದು ಅತ್ಯಲ್ಪ. ವ್ರತ ತೆಗೆದುಕೊಂಡವರು ಚಿನ್ನ, ಬೆಳ್ಳಿ, ಹೊಲ, ಮನೆಗಳಿಗೆ ಮಿತಿಯನ್ನು ಬರೆಯುತ್ತಾರೆ. ಪುಸ್ತಕ, ನಾಣ್ಯ, ಅಂಚೆಚೀಟಿಗಳನ್ನು ‘ಹವ್ಯಾಸ’ವೆಂದು ಪಟ್ಟಿಯ ಹೊರಗಿಡುತ್ತಾರೆ. ಆದರೆ ಪರಿಗ್ರಹವು ವಸ್ತುವಿನ ಹೆಸರಿನಲ್ಲಿಲ್ಲ, ಅದರ ಮೇಲಿನ ಮಮತ್ವದಲ್ಲಿದೆ ಎಂಬುದು ಉಮಾಸ್ವಾಮಿಗಳ ನಿರ್ಣಯ. ಹವ್ಯಾಸವೆಂದು ಕರೆದ ಮಾತ್ರಕ್ಕೆ ಮೂರ್ಛೆ ತಿಳಿಯಾಗುವುದಿಲ್ಲ.

ದೋಷ ಇಷ್ಟಕ್ಕೇ ನಿಲ್ಲುವುದಿಲ್ಲ. ತನ್ನ ಪ್ರತಿಯ ಬೆಲೆ ಏರಬೇಕೆಂದು ಬಯಸುವವನು, ಬಾಯಿಬಿಟ್ಟು ಹೇಳದಿದ್ದರೂ, ಉಳಿದ ಪ್ರತಿಗಳು ಕಡಿಮೆಯಾಗಲೆಂದೇ ಬಯಸುತ್ತಾನೆ. ಎಲ್ಲಿಯೋ ಒಂದು ಸಂಗ್ರಹ ನೀರುಪಾಲಾಯಿತೆಂಬ ಸುದ್ದಿ ಅವನಿಗೆ ಶುಭವಾರ್ತೆ. ಕೃತ, ಕಾರಿತಗಳಷ್ಟೇ ಅನುಮೋದನೆಯೂ ಬಂಧಕಾರಣವೆಂದು ಕಲಿತ ಸಮಾಜಕ್ಕೆ ಇದನ್ನು ವಿವರಿಸಬೇಕಾಗಿಲ್ಲ. ತನ್ನ ಭೋಗವಸ್ತುವಿನ ಸಂರಕ್ಷಣೆಯಲ್ಲಿಯೇ ಮನಸ್ಸು ನೆಟ್ಟಿರುವುದನ್ನು ಶಾಸ್ತ್ರಕಾರರು ರೌದ್ರಧ್ಯಾನದ ನಾಲ್ಕು ಬಗೆಗಳಲ್ಲಿ ಸೇರಿಸಿದ್ದಾರೆ. ಹಿಂಸೆ, ಅಸತ್ಯ, ಚೌರ್ಯಗಳ ಪಂಕ್ತಿಯಲ್ಲಿ ಅದನ್ನು ಕೂರಿಸಿರುವುದು ಅಕಾರಣವಾಗಿ ಅಲ್ಲ.

ಇದಕ್ಕೆ ಸಂಗ್ರಾಹಕರು ಕೊಡುವ ಉತ್ತರ ದುರ್ಬಲವಾದುದಲ್ಲ. ಅದನ್ನು ನ್ಯಾಯವಾಗಿ ಕೇಳಬೇಕು. ‘ಬೆಲೆ ಇಲ್ಲದಿದ್ದರೆ ಇವನ್ನು ಕಾಪಾಡುವವರು ಯಾರು? ಕಿಲೋ ಲೆಕ್ಕದಲ್ಲಿ ತೂಗಿಕೊಟ್ಟವರು ಓದುಗರೇ ತಾನೆ? ಲೋಭದಿಂದಲಾದರೂ ಸರಿ, ಉಳಿಸಿದವರು ನಾವು’ ಎನ್ನುತ್ತಾರೆ. ಈ ಮಾತಿನಲ್ಲಿ ಸತ್ಯಾಂಶವಿದೆ. ಕೂಡಿಸಿಟ್ಟವರಿಲ್ಲದಿದ್ದರೆ ಎಷ್ಟೋ ಗ್ರಂಥಗಳ ಹೆಸರೂ ಉಳಿಯುತ್ತಿರಲಿಲ್ಲ. ಆದರೆ ಉಳಿಸುವುದು ಯಾತಕ್ಕಾಗಿ ಎಂಬ ಪ್ರಶ್ನೆಗೆ ಅವರಲ್ಲಿ ಉತ್ತರವಿಲ್ಲ. ಕಲ್ಯಾಣದ ನೆಲದಲ್ಲಿ ಉತ್ತರವಿದೆ.

ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ ಇದೇ ಕಲ್ಯಾಣದಲ್ಲಿ ವಿಜ್ಞಾನೇಶ್ವರನು ‘ಮಿತಾಕ್ಷರಾ’ ಎಂಬ ವ್ಯಾಖ್ಯಾನವನ್ನು ರಚಿಸಿದನು. ಹಿಂದೂ ಅವಿಭಕ್ತ ಕುಟುಂಬದ ಆಸ್ತಿಯ ವಿಚಾರದಲ್ಲಿ ಇಂದಿಗೂ ನ್ಯಾಯಾಲಯಗಳಲ್ಲಿ ಅದರ ಹೆಸರು ಕೇಳಿಬರುತ್ತದೆ. ಅವನ ಸ್ವಹಸ್ತದ ಪ್ರತಿ ಎಲ್ಲಿದೆ, ಅದಕ್ಕೆಷ್ಟು ಬೆಲೆ ಎಂದು ಯಾರೂ ಕೇಳುವುದಿಲ್ಲ. ಗ್ರಂಥ ಬದುಕಿದ್ದು ನೂರಾರು ಕೈಗಳು ಅದನ್ನು ಪ್ರತಿ ಮಾಡಿಕೊಂಡಿದ್ದರಿಂದ. ಚಾಲುಕ್ಯರ ಕಾಲದವಳೇ ಆದ ದಾನಚಿಂತಾಮಣಿ ಅತ್ತಿಮಬ್ಬೆ ಪೊನ್ನನ ಶಾಂತಿಪುರಾಣದ 1000 ಪ್ರತಿಗಳನ್ನು ಬರೆಯಿಸಿ ಹಂಚಿದಳು. ಒಂದೇ ಪ್ರತಿಯನ್ನು ಇಟ್ಟುಕೊಂಡು ‘ಇದು ನನ್ನಲ್ಲಿ ಮಾತ್ರ ಇದೆ’ ಎಂದು ಮೆರೆಯುವುದು ಅವಳಿಗೆ ಸುಲಭವಾಗಿತ್ತು. ಅವಳು ಅಪರೂಪವಾಗಿದ್ದುದನ್ನು ಸಾಮಾನ್ಯವಾಗಿಸಿದಳು. ಸಂಗ್ರಾಹಕನು ಸಾಮಾನ್ಯವಾಗಿದ್ದುದು ಅಪರೂಪವಾಗಲೆಂದು ಕಾಯುತ್ತಾನೆ. ಶಾಸ್ತ್ರದಾನಕ್ಕೂ ಅತಿಸಂಗ್ರಹಕ್ಕೂ ಇರುವ ಅಂತರ ಇದೇ.

ಇಪ್ಪತ್ತನೆಯ ಶತಮಾನದ ನಿದರ್ಶನವೂ ಉಂಟು. ಕಲ್ಯಾಣದಿಂದ ಚದುರಿಹೋದ ಶರಣರ ವಚನಗಳ ಓಲೆಗಳನ್ನು ಮನೆಮನೆ ತಿರುಗಿ ಕೂಡಿಸಿದ ಫ.ಗು. ಹಳಕಟ್ಟಿಯವರು 1923ರಲ್ಲಿ ‘ವಚನಶಾಸ್ತ್ರಸಾರ’ವನ್ನು ಬೆಳಗಾವಿಯ ಮಹಾವೀರ ಮುದ್ರಣಾಲಯದಲ್ಲಿ ಅಚ್ಚು ಹಾಕಿಸಿದರು; ಬಳಿಕ ಮನೆಯನ್ನು ಮಾರಿ ಸ್ವಂತ ಮುದ್ರಣಾಲಯವನ್ನೇ ತೆರೆದರು. ಅವರೂ ಸಂಗ್ರಾಹಕರೇ. ಆದರೆ ಅವರು ಸಂಗ್ರಹಕ್ಕಾಗಿ ಮನೆ ಮಾರಿದರು, ಮನೆ ಕಟ್ಟುವುದಕ್ಕಾಗಿ ಸಂಗ್ರಹವನ್ನು ಮಾರಲಿಲ್ಲ.

ಇನ್ನು ಜೈನ ಸಮಾಜವು ತನ್ನ ಅಂಗಳವನ್ನೂ ನೋಡಿಕೊಳ್ಳಬೇಕು. ವೀರಸೇನಾಚಾರ್ಯರ ‘ಧವಲಾ’ ಟೀಕೆಯ ಹಳಗನ್ನಡ ಲಿಪಿಯ ತಾಡಪತ್ರಗಳು ಮೂಡುಬಿದಿರೆಯ ಸಿದ್ಧಾಂತ ಬಸದಿಯಲ್ಲಿ ಬಹುಕಾಲ ದರ್ಶನಕ್ಕೆ ಮಾತ್ರ ಮೀಸಲಾಗಿದ್ದವು. ಭಕ್ತರು ಕೈಮುಗಿದರು, ಓದುವವರಿಗೆ ಬಾಗಿಲು ತೆರೆಯಲಿಲ್ಲ. ಕಡೆಗೆ ಪ್ರತಿಗಳು ಸಿದ್ಧವಾಗಿ, ಹೀರಾಲಾಲ್ ಜೈನ್ ಅವರ ಸಂಪಾದಕತ್ವದಲ್ಲಿ 1939ರಿಂದ 16 ಸಂಪುಟಗಳಲ್ಲಿ ಅದು ಬೆಳಕು ಕಂಡಿತು. ಮೂಡುಬಿದಿರೆಯ ಪೂರ್ವಜರು ಕಾಪಾಡಿದ್ದರಿಂದಲೇ ಆ ಗ್ರಂಥ ಉಳಿಯಿತು, ಅವರಿಗೆ ಸಮಾಜ ಚಿರಋಣಿ. ಆದರೆ ತೆರೆದ ಮೇಲೆಯೇ ಅದು ಶ್ರುತವಾಯಿತು ಎಂಬುದನ್ನು ಮರೆಯಬಾರದು. ಜ್ಞಾನಾವರಣ ಕರ್ಮದ ಆಸ್ರವಕ್ಕೆ ಕಾರಣವಾದ ಆರರಲ್ಲಿ ಮಾತ್ಸರ್ಯ ಮತ್ತು ಅಂತರಾಯಗಳೂ ಸೇರಿವೆ. ತನಗೆ ತಿಳಿದುದನ್ನು ಇನ್ನೊಬ್ಬನಿಗೆ ಕೊಡದಿರುವುದು ಒಂದು. ಅರಿಯಹೊರಟವನಿಗೆ ಅಡ್ಡಿಯಾಗುವುದು ಇನ್ನೊಂದು. ಪ್ಲಾಸ್ಟಿಕ್ ಕವಚದ ಮುದ್ರೆಯನ್ನು ಹಳಿಯುವ ಟ್ರಸ್ಟಿಗಳು, ಬಸದಿಯ ಕಪಾಟಿನ ಬೀಗದ ಕೈ ಯಾರ ಬಳಿ ಇದೆ, ಅದು ಕೊನೆಯ ಬಾರಿ ತೆರೆದದ್ದು ಎಂದು ಎಂಬುದಕ್ಕೂ ಉತ್ತರ ಕೊಡಬೇಕು.

ಬಸದಿಯಲ್ಲಿಯೂ ಸವಾಲು ನಡೆಯುವುದಿಲ್ಲವೇ, ಕಲಶಕ್ಕೆ ಬೋಲಿ ಕೂಗುವುದಿಲ್ಲವೇ ಎಂದು ಯುವಕರು ಕೇಳುವುದುಂಟು. ಪ್ರಶ್ನೆ ಯುಕ್ತವಾದುದೇ. ಬೋಲಿಯಲ್ಲಿ ಕೂಗಿದವನ ಹಣ ಕೈಬಿಡುತ್ತದೆ, ವಸ್ತು ಮನೆಗೆ ಬರುವುದಿಲ್ಲ. ಹರಾಜಿನಲ್ಲಿ ಕೂಗಿದವನು ವಸ್ತುವನ್ನು ಕಟ್ಟಿಕೊಂಡು ಹೋಗುತ್ತಾನೆ. ಮೊದಲನೆಯದು ತ್ಯಾಗದ ಹಾದಿ, ಎರಡನೆಯದು ಗ್ರಹಣದ ಹಾದಿ. ಆದರೆ ಬೋಲಿಯಲ್ಲಿ ಹೆಸರೇ ಮುಖ್ಯವಾದಾಗ ಈ ಅಂತರವೂ ಅಳಿಸಿಹೋಗುತ್ತದೆ. ಆಗ ಯುವಕರ ಬಾಯಿ ಮುಚ್ಚಿಸುವ ಅಧಿಕಾರ ಹಿರಿಯರಿಗೆ ಉಳಿಯುವುದಿಲ್ಲ.

ಈ ಎಚ್ಚರಿಕೆಯನ್ನು ಈಗಲೇ ಹೇಳಬೇಕಾದ ಕಾರಣವಿದೆ. ಹರಾಜಿನ ಮಾತು ಚಿತ್ರಕಥೆಯಲ್ಲಿ ಆರಂಭವಾಗಬಹುದು; ಅಲ್ಲಿಯೇ ಮುಗಿಯುವುದಿಲ್ಲ. ಹಳೆಯ ಕಾಗದದ ಬೆಲೆಯನ್ನು ಕಲಿತ ಕಣ್ಣು ನಾಳೆ ಅಜ್ಜನ ಪೆಟ್ಟಿಗೆಯ ಓಲೆಗರಿಯನ್ನೂ ನಾಡಿದ್ದು ಬಸದಿಯ ಪಂಚಲೋಹದ ಬಿಂಬವನ್ನೂ ಅದೇ ಬಗೆಯಲ್ಲಿ ಅಳೆಯುತ್ತದೆ. ಕಲ್ಯಾಣದ ಕೋಟೆಯಿಂದ ಮಳಖೇಡದವರೆಗೆ ಜಿನಬಿಂಬಗಳು ಹರಡಿರುವ ಪ್ರದೇಶವಿದು. 1972ರ ಪ್ರಾಚ್ಯವಸ್ತು ಮತ್ತು ಕಲಾನಿಧಿ ಕಾಯಿದೆಯ ಪ್ರಕಾರ 100 ವರ್ಷ ಮೀರಿದ ಶಿಲ್ಪಗಳೂ 75 ವರ್ಷ ಮೀರಿದ ಮಹತ್ವದ ಹಸ್ತಪ್ರತಿಗಳೂ ಪ್ರಾಚ್ಯವಸ್ತುಗಳು. ಪರವಾನಗಿಯಿಲ್ಲದೆ ಅವುಗಳ ವ್ಯಾಪಾರ ನಡೆಸುವಂತಿಲ್ಲ, ಖಾಸಗಿಯವರು ಹೊರದೇಶಕ್ಕೆ ಸಾಗಿಸುವಂತಿಲ್ಲ. ಆದರೆ ಕಾಯಿದೆ ಕಾಯುವುದು ಗಡಿಯನ್ನು. ಮನಸ್ಸನ್ನು ಕಾಯಬೇಕಾದದ್ದು ವ್ರತ.

ಮಾಡಬೇಕಾದ ಕೆಲಸ ಕಠಿಣವಾದುದಲ್ಲ. ಪ್ರತಿಯೊಂದು ಟ್ರಸ್ಟು ತನ್ನಲ್ಲಿರುವ ಹಸ್ತಪ್ರತಿ ಹಾಗೂ ಹಳೆಯ ಮುದ್ರಿತ ಗ್ರಂಥಗಳ ಪಟ್ಟಿಯನ್ನು ಸಿದ್ಧಪಡಿಸಿ ಬಸದಿಯ ಫಲಕದಲ್ಲಿ ಹಾಕಲಿ. ಪ್ರತಿಯೊಂದು ಗರಿಯ ಛಾಯಾಪ್ರತಿಯನ್ನು ತೆಗೆಸಿ, ಮೂಲವನ್ನು ಭದ್ರಪಡಿಸಿ, ಛಾಯಾಪ್ರತಿಯನ್ನು ಓದುವವರಿಗೆ ಕೊಡಲಿ. 2003ರಲ್ಲಿ ಆರಂಭವಾದ ರಾಷ್ಟ್ರೀಯ ಹಸ್ತಪ್ರತಿ ಅಭಿಯಾನದ ಕಾಲದಿಂದ ಈ ಕಾರ್ಯಕ್ಕೆ ಸರಕಾರದ ನೆರವಿನ ದಾರಿಯೂ ತೆರೆದಿದೆ. ಹಳೆಯ ಕನ್ನಡ ಚಿತ್ರಕಥೆಗಳನ್ನು ಉಳಿಸಿಕೊಂಡ ಕುಟುಂಬಗಳು ಅವನ್ನು ಪಾಠಶಾಲೆಯ ಮಕ್ಕಳ ಕೈಗೆ ಒಮ್ಮೆಯಾದರೂ ಕೊಡಲಿ. ಮಾರಲೇಬೇಕಾದವರು ಮಾರುವ ಮೊದಲೇ ತಮ್ಮ ಮಿತಿಯನ್ನು ಬರೆದಿಡಲಿ. ಮಿತಿ ಮೀರಿ ಬಂದುದನ್ನು ಶಾಸ್ತ್ರದಾನಕ್ಕೆ ಸಲ್ಲಿಸಲಿ. ಬೆಲೆ ತಿಳಿದ ಮೇಲೆ ಬರೆಯುವ ಮಿತಿ ಮಿತಿಯಲ್ಲ, ಅದು ಲಾಭದ ಇನ್ನೊಂದು ಹೆಸರು.

ಜ್ಯೇಷ್ಠ ಶುಕ್ಲ ಪಂಚಮಿ ಶ್ರುತಪಂಚಮಿಯ ದಿನ. ಪುಷ್ಪದಂತ ಭೂತಬಲಿ ಆಚಾರ್ಯರು ನೆನಪಿನಲ್ಲಿ ಉಳಿದಿದ್ದ ಶ್ರುತವನ್ನು ಬರಹಕ್ಕಿಳಿಸಿದುದರ ಸ್ಮರಣೆಗಾಗಿ ಅಂದು ಗ್ರಂಥಗಳನ್ನು ಪೂಜಿಸಲಾಗುತ್ತದೆ. ಆ ಆಚಾರ್ಯರಲ್ಲಿ ಸಂಗ್ರಹಿಸುವುದಕ್ಕೆ ಮನೆಯೂ ಇರಲಿಲ್ಲ, ಕಪಾಟೂ ಇರಲಿಲ್ಲ. ತಮ್ಮೊಂದಿಗೆ ಅಳಿದುಹೋಗಬಹುದಾಗಿದ್ದುದನ್ನು ಅವರು ಲೋಕಕ್ಕೆ ಕೊಟ್ಟುಹೋದರು. ಬರುವ ಶ್ರುತಪಂಚಮಿಯಂದು ಅರಿಶಿನ ಕುಂಕುಮ ಹಚ್ಚಿದ ಬಳಿಕ ಗ್ರಂಥವನ್ನು ಮತ್ತೆ ಬಟ್ಟೆಯಲ್ಲಿ ಸುತ್ತುವ ಮುನ್ನ, ಪ್ರತಿಯೊಂದು ಬಸದಿಯಲ್ಲಿಯೂ ಒಂದು ಪುಟವನ್ನಾದರೂ ಗಟ್ಟಿಯಾಗಿ ಓದಲಿ.