ಪದವಿವೇಚನೆ: ‘ಹಾಳು’

ಹಾಳು ಬಾವಿ, ಹಾಳು ಮಂಟಪ, ಹಾಳು ಕೋಟೆ ಎಂಬ ಮಾತುಗಳಲ್ಲಿ ‘ಹಾಳು’ ಎಂಬ ಪದವು ವಿಶೇಷಣವಾಗಿ ನಿಂತು, ಜನರು ಕಾಲಿಡಲು ಹಿಂಜರಿಯುವ ತಾಣವನ್ನು ಸೂಚಿಸುತ್ತದೆ. ಇದರ ಹಳಗನ್ನಡ ರೂಪ ‘ಪಾೞ್’. ತಮಿಳಿನಲ್ಲಿ ಅದು ಇಂದಿಗೂ ಹಾಗೆಯೇ ಉಳಿದಿದೆ. ನಮ್ಮಲ್ಲಿ ಪಕಾರವು ಹಕಾರವಾಗಿ, ರಳವು ಳಕಾರವಾಗಿ ‘ಹಾಳು’ ಎಂದಾಯಿತು. ಲಕಾರ ಳಕಾರಗಳನ್ನು ಬೆರೆಸಿ ನುಡಿಯುವ ಮಕ್ಕಳನ್ನು ತಾಯಂದಿರು ತಿದ್ದಬೇಕು. ಹೊಸ ಮನೆಯಲ್ಲಿ ಉಕ್ಕಿಸುವುದು ಹಾಲು, ಆಗಬಾರದ್ದು ಹಾಳು.

ಹೋಗಲು ಕಷ್ಟವಾದುದು ‘ದುರ್ಗಮ’, ಜನರಿಲ್ಲದ್ದು ‘ನಿರ್ಜನ’, ನೀರುನೆರಳಿಲ್ಲದ್ದು ‘ಬೆಂಗಾಡು’. ಅಲ್ಲಿ ಹಿಂದೆ ಯಾರಾದರೂ ಬಾಳಿದ್ದರೆಂದು ಈ ಪದಗಳು ಹೇಳುವುದಿಲ್ಲ. ‘ಹಾಳು’ ಹಾಗಲ್ಲ. ಹಾಳು ಬಾವಿಯಲ್ಲಿ ಒಮ್ಮೆ ಜನರು ನೀರು ಸೇದಿದ್ದರು. ಹಾಳು ಮನೆಯಲ್ಲಿ ಒಮ್ಮೆ ಒಲೆ ಉರಿದಿತ್ತು. ಮೊದಲು ಬಾಳಿ, ಬಳಿಕ ಕೆಟ್ಟುದಕ್ಕೇ ಈ ಪದವು ಸಲ್ಲುತ್ತದೆ. ಬೇಸರದಿಂದ ‘ಹಾಳು ಮಳೆ’ ಎಂದು ಗೊಣಗುವುದು ಬೇರೆಯ ಬಳಕೆ.

ವಿಜಯನಗರವು 1565ರ ಯುದ್ಧದ ಬಳಿಕ ಸೂರೆಹೋಗಿ ಬರಿದಾದಾಗ ಜನರು ‘ಹಾಳು ಹಂಪೆ’ ಎಂದರು. ಅರಮನೆ, ಪೇಟೆಬೀದಿಗಳು ಹಾಳಾದವು. ಆದರೆ ಕವಿ ಹರಿಹರನು ಆರಾಧಿಸಿದ ವಿರೂಪಾಕ್ಷನ ಗುಡಿಗೆ ಆ ಮಾತು ಸಲ್ಲದು. ಅಲ್ಲಿ ಪೂಜೆ ಇಂದಿಗೂ ನಡೆಯುತ್ತಿದೆ, ಯಾತ್ರಿಕರು ಬರುತ್ತಿದ್ದಾರೆ. ಕಲ್ಲು ಗಟ್ಟಿಯಾಗಿದ್ದ ಮಾತ್ರಕ್ಕೆ ತಾಣವು ಉಳಿಯುವುದಿಲ್ಲ, ಬಂದುಹೋಗುವವರಿಂದ ಉಳಿಯುತ್ತದೆ.

ಇದನ್ನು ನಾವು ಏಕೆ ಹೇಳುತ್ತಿದ್ದೇವೆಂದರೆ, ನಮ್ಮ ಹಳ್ಳಿಗಳಲ್ಲಿ ಇಂದು ಬೀಗ ಬಿದ್ದ ಮನೆಗಳು ಹಲವು. ಕೆಲವೆಡೆ ಮುದಿ ತಾಯಿಯೊಬ್ಬಳೇ ದೀಪ ಹಚ್ಚಿಕೊಂಡು ಕುಳಿತಿರುತ್ತಾಳೆ. ಅವಳಿರುವವರೆಗೆ ಆ ಮನೆ ಹಾಳಲ್ಲ. ಅವಳ ಬಳಿಕ ಅದಕ್ಕೆ ಯಾವ ವಿಶೇಷಣ ಸೇರಬೇಕೆಂಬುದನ್ನು ಪಟ್ಟಣ ಸೇರಿದ ಮಕ್ಕಳೇ ನಿರ್ಧರಿಸಬೇಕು.

ಪಟ್ಟಣದ ಮನೆಗಳಿಗೂ ಈ ಮಾತು ಅನ್ವಯಿಸುತ್ತದೆ. ಬಾಗಿಲಿಗೆ ಬಂದವರನ್ನು ಆದರಿಸದವರ ಕುರಿತು ಬಸವಣ್ಣನವರು ವಚನವನ್ನೇ ನುಡಿದಿದ್ದಾರೆ. ಕಲ್ಯಾಣದ ಮಹಾಮನೆಯು ದೊಡ್ಡದೆನಿಸಿದ್ದು ಗೋಡೆಗಳಿಂದಲ್ಲ, ದಾಸೋಹದಿಂದ. ಅಮೃತಶಿಲೆಯ ನೆಲ ಹಾಸಿದ್ದರೂ ಬಂದವರಿಗೆ ‘ಬನ್ನಿ, ಕುಳಿತುಕೊಳ್ಳಿ’ ಎನ್ನುವವರಿಲ್ಲದ ಮನೆಗೆ, ನಿಘಂಟು ಒಪ್ಪದಿದ್ದರೂ, ಈ ಪದವನ್ನೇ ಬಳಸಬೇಕಾದೀತು. ಮುಂದಿನ ಹಬ್ಬಕ್ಕೆ ಊರಿನ ಮನೆಯ ಬೀಗ ತೆರೆದು, ಕಸ ಗುಡಿಸಿ, ನೆರೆಯವರನ್ನು ಪ್ರಸಾದಕ್ಕೆ ಕರೆಯಿರಿ ಎಂಬುದು ಓದುಗ ಬಂಧುಗಳಲ್ಲಿ ನಮ್ಮ ವಿನಂತಿ.